ಮುಚ್ಚಳ ತೆಗೆದು ನೋಡೋಣ

ಸರ್ಕಾರಿ ಸೇವೆಯಲ್ಲಿದ್ದಾಗ ಎಷ್ಟೋ ಕಟ್ಟಡಗಳ ಕಾಮಗಾರಿ ಮುಗಿದ ವರದಿಗೆ ನಾನು ಸಹಿ ಹಾಕಿದ್ದೇನೆ. ‘ಮಳೆನೀರು ಕೊಯ್ಲು ವ್ಯವಸ್ಥೆ ಅಳವಡಿಸಲಾಗಿದೆ’ ಎಂಬ ಸಾಲು ಆ ವರದಿಗಳಲ್ಲಿ ತಪ್ಪದೆ ಇರುತ್ತಿತ್ತು. ನಿವೃತ್ತನಾದ ಮೇಲೆ ಒಂದು ಬೇಸಿಗೆಯಲ್ಲಿ ಅಂಥದ್ದೇ ಒಂದು ವಿದ್ಯಾರ್ಥಿನಿಲಯಕ್ಕೆ ಹೋಗಿದ್ದೆ. ಅಂಗಳದಲ್ಲಿ ನೀರಿನ ಟ್ಯಾಂಕರ್ ನಿಂತಿತ್ತು. ಮಕ್ಕಳು ಬಕೆಟ್ ಹಿಡಿದು ಸಾಲುಗಟ್ಟಿದ್ದರು. ಕುತೂಹಲಕ್ಕೆ ಇಂಗುಗುಂಡಿಯ ಮುಚ್ಚಳ ತೆಗೆಸಿದೆ. ಒಳಗೆ ಒಡೆದ ಇಟ್ಟಿಗೆ, ಹರಿದ ಸಿಮೆಂಟ್ ಚೀಲ, ಹೂಳು. ತಾರಸಿಯಿಂದ ಇಳಿದ ಕೊಳವೆ ಗುಂಡಿಗೆ ಸೇರಿರಲೇ ಇಲ್ಲ, ನೇರವಾಗಿ ಚರಂಡಿಗೆ ಹೋಗಿತ್ತು. ವರದಿಯ ಕೆಳಗಿನ ಸಹಿ ನನ್ನದೇ. ಆ ಸಂಕೋಚದಿಂದಲೇ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಕಾನೂನಿಗೆ ಕೊರತೆ ಇಲ್ಲ. ಬೆಂಗಳೂರು ಜಲಮಂಡಳಿಯ ಕಾಯ್ದೆಗೆ 2009ರಲ್ಲಿಯೇ ತಿದ್ದುಪಡಿ ಬಂದು, 60×40 ಅಡಿ ಅಥವಾ ಅದಕ್ಕಿಂತ ದೊಡ್ಡ ನಿವೇಶನಗಳ ಹಳೆಯ ಕಟ್ಟಡಗಳಿಗೂ 30×40 ಅಡಿ ಅಥವಾ ಅದಕ್ಕಿಂತ ದೊಡ್ಡ ನಿವೇಶನಗಳ ಹೊಸ ಕಟ್ಟಡಗಳಿಗೂ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಅದಾಗಿ ಹದಿನೈದು ವರ್ಷಕ್ಕೆ, 2024ರ ಬೇಸಿಗೆಯಲ್ಲಿ, ಅದೇ ನಗರದ ಕೊಳವೆಬಾವಿಗಳು ಬತ್ತಿ ಬಡಾವಣೆಗೆ ಬಡಾವಣೆಯೇ ಟ್ಯಾಂಕರಿನ ದಾರಿ ಕಾಯಬೇಕಾಯಿತು. ಅದಕ್ಕೂ ಎರಡು ವರ್ಷ ಮೊದಲು, 2022ರ ಸೆಪ್ಟೆಂಬರಿನಲ್ಲಿ, ಒಂದೇ ದಿನ 130 ಮಿ.ಮೀ.ಗೂ ಹೆಚ್ಚು ಮಳೆ ಸುರಿದು ಅಲ್ಲಿನ ಬಡಾವಣೆಗಳಲ್ಲಿ ದೋಣಿ, ಟ್ರ್ಯಾಕ್ಟರ್ ಓಡಾಡಿದ್ದವು. ಒಂದೇ ಊರಿನಲ್ಲಿ ಒಮ್ಮೆ ನೆರೆ, ಇನ್ನೊಮ್ಮೆ ಬರ. ಎರಡಕ್ಕೂ ಕಾರಣದ ಒಂದು ಪಾಲು ಇಷ್ಟೇ: ಬಿದ್ದ ನೀರು ನಿಲ್ಲಲೂ ಇಲ್ಲ, ಇಂಗಲೂ ಇಲ್ಲ.

ಲೆಕ್ಕ ಕಷ್ಟದ್ದಲ್ಲ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿ.ಮೀ. ನೂರು ಚದರ ಮೀಟರ್ ತಾರಸಿಗೆ 97 ಸಾವಿರ ಲೀಟರ್ ಆಯಿತು. ಆವಿ, ಸೋರಿಕೆ, ಹೊರಬಿಡುವ ಮೊದಲ ಮಳೆಯ ಕೊಳೆನೀರು ಎಲ್ಲ ಕಳೆದರೂ 75-80 ಸಾವಿರ ಲೀಟರ್ ಕೈಗೆ ಸಿಗುತ್ತದೆ. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ಕು ಜನರ ಮನೆಗೆ ಇದು ನಾಲ್ಕೂವರೆ ತಿಂಗಳ ನೀರು. ಇದನ್ನು ಚರಂಡಿಗೆ ಬಿಟ್ಟು, ಸುಮಾರು ನೂರು ಕಿ.ಮೀ. ದೂರದಿಂದ, ಐನೂರು ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತಂದ ಕಾವೇರಿಯನ್ನು ಗಿಡಕ್ಕೂ ಶೌಚಕ್ಕೂ ಸುರಿಯುತ್ತೇವೆ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಬಂದು ದಿನಕ್ಕೆ 77.5 ಕೋಟಿ ಲೀಟರ್ ನೀರು ಹೆಚ್ಚಿದ್ದು ಸಂತೋಷವೇ. ಆದರೆ ನದಿ ಒಂದೇ, ಹಂತಗಳಿಗೆ ಕೊನೆ ಎಲ್ಲಿ?

ಇಲ್ಲಿ ನಮ್ಮ ಎಂಜಿನಿಯರುಗಳ ತಪ್ಪನ್ನೂ ಹೇಳಬೇಕು. ಎಲ್ಲ ಊರಿಗೂ ಒಂದೇ ನಕ್ಷೆ, ಒಂದೇ ಗುಂಡಿ ಕೊಟ್ಟೆವು. ನೆಲ ಎಲ್ಲ ಕಡೆ ಒಂದೇ ಅಲ್ಲ. ಬೆಂಗಳೂರು, ಕೋಲಾರ, ತುಮಕೂರು ಕಡೆಯ ಕೆಂಪು ಮಣ್ಣಿನಲ್ಲಿ ನೀರು ಇಂಗುತ್ತದೆ. ಅಲ್ಲಿ ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ, ಸಿಮೆಂಟ್ ಬಳೆ ಇಳಿಸಿದ ಇಂಗುಬಾವಿ ಒಳ್ಳೆಯ ಕೆಲಸ ಮಾಡುತ್ತದೆ. ವಿಜಯಪುರ, ಗದಗ ಕಡೆಯ ಎರೆಮಣ್ಣಿನ ಮಾತೇ ಬೇರೆ. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ, ಕೆಳಕ್ಕೆ ನೀರು ಬಿಡುವುದು ಬಹಳ ನಿಧಾನ. ಪಾಯದ ಪಕ್ಕದಲ್ಲೇ ಗುಂಡಿ ತೋಡಿದರೆ ಗೋಡೆಯೇ ಬಿರುಕು ಬಿಟ್ಟೀತು. ಅಲ್ಲಿ ಮೊದಲು ನೆಲದೊಳಗಿನ ತೊಟ್ಟಿಯಲ್ಲಿ ಸಂಗ್ರಹ, ಇಂಗಿಸುವುದು ಆಮೇಲೆ, ಅದೂ ಕಟ್ಟಡದಿಂದ ದೂರ.

ಯಾವ ನೆಲವಾದರೂ ಕ್ರಮ ಹೀಗಿರಲಿ: ತಾರಸಿಯ ನೀರು ಸೋಸಿ ತೊಟ್ಟಿಗೆ, ತೊಟ್ಟಿ ತುಂಬಿ ಹೆಚ್ಚಾದದ್ದು ಇಂಗುಬಾವಿಗೆ, ಅದೂ ತುಂಬಿದರೆ ಮಾತ್ರ ಚರಂಡಿಗೆ. ನಾವು ಮಾಡುತ್ತಿರುವುದು ಇದಕ್ಕೆ ತಿರುಗುಮುರುಗು. ಇನ್ನೊಂದು ಎಚ್ಚರಿಕೆ. ಸೋಸದ ನೀರನ್ನು ನೇರವಾಗಿ ಕೊಳವೆಬಾವಿಗೆ ಬಿಡುವವರಿದ್ದಾರೆ. ಅಂಗಳದ ಎಣ್ಣೆ, ಕೊಳೆ ಒಮ್ಮೆ ಆಳಕ್ಕಿಳಿದರೆ ತೆಗೆಯುವವರಿಲ್ಲ. ಅದು ನೆರೆಹೊರೆಯವರೆಲ್ಲರ ಬಾವಿಯನ್ನು ಕೆಡಿಸಿದಂತೆ.

ಅಪಾರ್ಟ್‌ಮೆಂಟುಗಳದ್ದು ಇನ್ನೊಂದು ಕಥೆ. ಹತ್ತು ಮಹಡಿಗೂ ತಾರಸಿ ಒಂದೇ, ಆದ್ದರಿಂದ ಅಲ್ಲಿನ ಮಳೆನೀರು ಎಲ್ಲರಿಗೂ ಸಾಲದು ನಿಜ. ಅದಕ್ಕಿಂತ ದೊಡ್ಡ ತೊಡಕು ಬೇಸ್‌ಮೆಂಟಿನದು. ಕಾರು ನಿಲ್ಲಿಸಲು ನಿವೇಶನದ ಅಂಚಿನಿಂದ ಅಂಚಿಗೆ ಅಗೆದು ಕಾಂಕ್ರೀಟ್ ಹಾಕಿದ ಮೇಲೆ ಇಂಗಲು ಮಣ್ಣೆಲ್ಲಿದೆ? ಅದರ ಮೇಲೆ ಮಣ್ಣು ಹರಡಿ ಹುಲ್ಲು ಬೆಳೆಸಿ ‘ಹಸಿರು ಪ್ರದೇಶ’ ಎಂದು ತೋರಿಸುತ್ತಾರೆ. ಆ ಹುಲ್ಲಿನ ಕೆಳಗೆ ಇರುವುದು ಛಾವಣಿಯೇ. ಎಷ್ಟೋ ಕಡೆ ಬೇಸ್‌ಮೆಂಟಿಗೆ ಒಸರುವ ಅಂತರ್ಜಲವನ್ನು ಹಗಲಿರುಳು ಪಂಪಿನಿಂದ ಎತ್ತಿ ಚರಂಡಿಗೆ ಬಿಡುತ್ತಾರೆ, ಮೇಲೆ ಟ್ಯಾಂಕರಿಗೆ ಹಣ ಕೊಡುತ್ತಾರೆ. ನಿವೇಶನದ ಒಂದು ಪಾಲು ನೆಲವನ್ನಾದರೂ ಕೆಳಗೆ ಏನೂ ಕಟ್ಟದೆ ಬಿಡಲೇಬೇಕು ಎಂಬ ನಿಯಮವನ್ನು ನಕ್ಷೆ ಮಂಜೂರಾತಿಯ ಹಂತದಲ್ಲಿಯೇ ಬಿಗಿ ಮಾಡಬೇಕು ಎಂಬುದು ನನ್ನ ಒತ್ತಾಯ.

ಬಾವಿ ತೋಡುವ ಕಾಯಕದವರನ್ನು ನಮ್ಮ ಯೋಜನೆಗಳಲ್ಲಿ ಎಲ್ಲಿಯೂ ಕೇಳುವುದಿಲ್ಲ. ಎಷ್ಟು ಅಡಿಗೆ ಗಟ್ಟಿ ಮಣ್ಣು, ಎಲ್ಲಿ ಮೊರಂ, ಎಲ್ಲಿ ನೀರು ಎಳೆಯುತ್ತದೆ ಎಂದು ಹಾರೆಯ ಸದ್ದಿನಲ್ಲೇ ಹೇಳುವವರು ಅವರು. ಪದವಿ ಇದ್ದ ನಾನು ಅವರ ಕೂಲಿ ಲೆಕ್ಕ ಬರೆದೆ, ಅವರ ಮಾತು ಬರೆದುಕೊಳ್ಳಲಿಲ್ಲ. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ವೇದಿಕೆಯಲ್ಲಿ ಹೇಳುವ ನಾವು, ಬಾವಿಯ ಜಾಗ ಗೊತ್ತು ಮಾಡುವಾಗಲಾದರೂ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಬೇಕು.

ಇನ್ನು ನಮ್ಮ ಮನೆಯ ಮಾತು. ಮಠಗಳ ಆಶ್ರಯದಲ್ಲಿ ಶಾಲೆ, ಕಾಲೇಜು, ವಿದ್ಯಾರ್ಥಿನಿಲಯ, ಕಲ್ಯಾಣ ಮಂಟಪಗಳಿವೆ. ಎಲ್ಲವೂ ವಿಶಾಲ ಛಾವಣಿಯವು. ವರ್ಷಕ್ಕೆ 600 ಮಿ.ಮೀ. ಮಾತ್ರ ಮಳೆ ಬೀಳುವ ಬಯಲುಸೀಮೆಯ ಊರಿನಲ್ಲಿ 1,500 ಚದರ ಮೀಟರ್ ಛಾವಣಿ ಇದ್ದರೂ, ಕಳೆದುಹೋಗುವುದನ್ನು ಬಿಟ್ಟು ಏಳು ಲಕ್ಷ ಲೀಟರ್ ಸಿಗುತ್ತದೆ. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ನೂರಕ್ಕೂ ಹೆಚ್ಚು ಟ್ಯಾಂಕರ್. ಆಳದ ಕೊಳವೆಬಾವಿಯ ಫ್ಲೋರೈಡ್ ಆಗಲಿ, ಗಡಸುತನವಾಗಲಿ ಮಳೆನೀರಿಗಿಲ್ಲ. ಸೋಸಿ, ಕಾಯಿಸಿ ಬಳಸಿದರೆ ದಾಸೋಹದ ಅಡುಗೆಗೂ ಒಳ್ಳೆಯದೇ. ಅನ್ನ ಚೆಲ್ಲಬಾರದೆಂದು ಮಕ್ಕಳಿಗೆ ಕಲಿಸುತ್ತೇವೆ. ಆ ಅನ್ನ ಬೇಯಿಸುವ ನೀರು ನಮ್ಮ ಛಾವಣಿಯಿಂದಲೇ ಚರಂಡಿಗೆ ಚೆಲ್ಲಿಹೋಗುವುದನ್ನೂ ನಾವು ನೋಡಬೇಕಲ್ಲವೇ?

ಖರ್ಚು ಎಲ್ಲಿಂದ ಎಂದು ಕೇಳುವವರಿಗೆ ಒಂದು ಮಾತು: ಹೊಸದಾಗಿ ಕಟ್ಟುವಾಗ ಇದು ಒಟ್ಟು ವೆಚ್ಚದ ಸಣ್ಣ ಪಾಲು. ಕಟ್ಟಿ ಮುಗಿದ ಮೇಲೆ ಅಗೆಯುವುದೇ ದುಬಾರಿ. ಕಟ್ಟಿದ್ದನ್ನು ಕಾಪಾಡಲು ಹಣಕ್ಕಿಂತ ಒಬ್ಬ ಜವಾಬ್ದಾರ ಮನುಷ್ಯ ಮುಖ್ಯ. ಮಳೆಗಾಲಕ್ಕೆ ಮುನ್ನ ತಾರಸಿ ಗುಡಿಸುವುದು, ಸೋಸುಗದ ಮರಳು ತೊಳೆಯುವುದು, ಗುಂಡಿಯ ಹೂಳೆತ್ತುವುದು. ಇಷ್ಟಕ್ಕೆ ಹೆಸರು ಹಿಡಿದು ಒಬ್ಬರನ್ನು ನೇಮಿಸದಿದ್ದರೆ ಎಂಥ ವ್ಯವಸ್ಥೆಯೂ ಮೂರು ಮಳೆಗಾಲ ಬಾಳುವುದಿಲ್ಲ.

ಬಸವ ಜಯಂತಿ ಬರುವುದು ಮುಂಗಾರಿಗೆ ಸ್ವಲ್ಪ ಮೊದಲು. ಈ ಸಲ ಜಯಂತಿಯ ಸಿದ್ಧತೆಯಲ್ಲಿ ತಳಿರು ತೋರಣದ ಜೊತೆಗೆ ಒಂದು ಕೆಲಸ ಸೇರಿಸಿಕೊಳ್ಳೋಣ. ನಮ್ಮ ಮನೆಯ, ಶಾಲೆಯ, ಮಂಟಪದ ಇಂಗುಗುಂಡಿಯ ಮುಚ್ಚಳ ತೆಗೆದು ಒಳಗೇನಿದೆ ಎಂದು ನೋಡೋಣ. ಕೊಳವೆ ಎಲ್ಲಿಗೆ ಸೇರಿದೆ ಎಂದು ಒಂದು ಕೊಡ ನೀರು ಸುರಿದು ಪರೀಕ್ಷಿಸೋಣ. ಸಹಿ ಹಾಕುವ ಮುನ್ನ ನಾನು ಮಾಡಬೇಕಾಗಿದ್ದ ಕೆಲಸವೂ ಅಷ್ಟೇ ಆಗಿತ್ತು.