ತಾಳ ಹಾಕಿದ್ದು ಸಾಕು

ಹೆಣ್ಣುಮಕ್ಕಳು ಹಾಡು ಕಲಿಯುವುದಕ್ಕೆ ನಮ್ಮೂರುಗಳಲ್ಲಿ ಯಾರ ಅಡ್ಡಿಯೂ ಇಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಒಂದು ದೇವರನಾಮ, ಮದುವೆಯಾದ ಮೇಲೆ ಆರತಿಗೊಂದು ಹಾಡು, ಮಕ್ಕಳು ಒಂದು ದಡ ಸೇರಿದ ಮೇಲೆ ಭಜನಾ ಮಂಡಳಿ. ಅಡ್ಡಿ ಶುರುವಾಗುವುದು ಹೆಂಗಸು ಬಾರಿಸಲು ಹೊರಟಾಗ. ಮೃದಂಗವನ್ನು ಮಡಿಲಲ್ಲಿಟ್ಟುಕೊಂಡು ಕೂತರೆ ಚೆನ್ನಾಗಿ ಕಾಣುವುದಿಲ್ಲವಂತೆ, ಬೆರಳು ಒರಟಾಗುತ್ತದಂತೆ.

ಶಾಲೆಗಳಲ್ಲೂ ಇದೇ ಪಾಠ. ಪ್ರಾರ್ಥನೆಗೆ ಹುಡುಗಿಯರು, ಕವಾಯತಿನ ಡ್ರಮ್ಮಿಗೆ ಹುಡುಗರು. ಏಳನೇ ಇಯತ್ತೆಯ ಹುಡುಗಿಯೊಬ್ಬಳು ಡ್ರಮ್ ತನಗೆ ಕೊಡಿ ಎಂದು ಕೇಳಿದಾಗ "ನಿನಗೆ ಭಾರವಾಗುತ್ತಮ್ಮ" ಎಂದು ಮೇಷ್ಟ್ರೊಬ್ಬರು ಹೇಳಿದ್ದನ್ನು ಕೇಳಿದ್ದೇನೆ. ಆ ಹುಡುಗಿ ದಿನಾ ಬೆಳಿಗ್ಗೆ ನಾಲ್ಕು ಕೊಡ ನೀರು ಹೊತ್ತು ಹಾಕಿ ಶಾಲೆಗೆ ಬರುವವಳು.

ಕೊಡದ ಮಾತಿಗೇ ಬರೋಣ. ಕೊಡ ಹೊರುವುದು ಹೆಣ್ಣಿನ ಕೆಲಸ, ಅದೇ ಕೊಡ ಘಟವಾಗಿ ವೇದಿಕೆ ಏರಿದರೆ ಗಂಡಿನದು! ಈ ನ್ಯಾಯವನ್ನು ಒಪ್ಪದವರು ಸುಕನ್ಯಾ ರಾಮಗೋಪಾಲ್. ಹೆಣ್ಣು ಘಟ ನುಡಿಸುವುದಾದರೆ ತಾವು ಮೃದಂಗ ನುಡಿಸುವುದಿಲ್ಲ ಎಂದ ವಿದ್ವಾಂಸರನ್ನೂ ಅವರು ಕಂಡರು. ಬೇರೆಯವರಾಗಿದ್ದರೆ ಘಟವನ್ನು ಅಟ್ಟದ ಮೇಲಿಟ್ಟು ಸುಮ್ಮನಾಗುತ್ತಿದ್ದರೇನೋ. ಅವರು 1995ರಲ್ಲಿ ಬೆಂಗಳೂರಿನಲ್ಲಿ ಹೆಂಗಸರದೇ ಒಂದು ಮೇಳ ಕಟ್ಟಿದರು, 'ಸ್ತ್ರೀ ತಾಳ್ ತರಂಗ್'. ಅಲ್ಲಿ ಘಟ, ಮೃದಂಗ, ಮೋರ್ಸಿಂಗ್‌ಗಳು ಪಕ್ಕವಾದ್ಯಗಳಲ್ಲ, ಅವೇ ಕಛೇರಿಯ ಯಜಮಾನರು. 2014ನೇ ಸಾಲಿನ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಅವರಿಗೆ ಬಂತು. ಪ್ರಶಸ್ತಿ ದೊಡ್ಡದೇ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಅವರು ತಮ್ಮೊಬ್ಬರಿಗೆ ಮಾತ್ರ ಜಾಗ ಮಾಡಿಕೊಳ್ಳದೆ ಜೊತೆಯವರನ್ನೂ ಕೂರಿಸಿಕೊಂಡದ್ದು.

"ಹೆಂಗಸರದೇ ಬೇರೆ ಮೇಳ ಏಕೆ? ಅದೂ ಒಂದು ಬೇಲಿಯಲ್ಲವೇ?" ಎಂದು ಕೇಳುವವರಿದ್ದಾರೆ. ಉತ್ತರಕ್ಕೆ ತಿರುವಯ್ಯಾರಿಗೆ ಹೋಗಬೇಕು. 1878ರಲ್ಲಿ ಹುಟ್ಟಿದ ನಮ್ಮ ಬೆಂಗಳೂರು ನಾಗರತ್ನಮ್ಮ ದೇವದಾಸಿ ಮನೆತನದವರು. ಹಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ತಮ್ಮ ಗಳಿಕೆಯನ್ನು ಸುರಿದು ಗುಡಿ ಕಟ್ಟಿಸಿದರು. 1925ರಲ್ಲಿ ಅದರ ಪ್ರತಿಷ್ಠೆಯಾಯಿತು. ಆದರೆ ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ, ಗುಡಿ ಕಟ್ಟಿಸಿದ ಹೆಂಗಸೂ! ಆಕೆ ಅಳುತ್ತ ಕೂರಲಿಲ್ಲ. ಕಲಾವಿದೆಯರನ್ನು ಕೂಡಿಸಿಕೊಂಡು 1927ರಿಂದ ಗುಡಿಯ ಹಿಂಭಾಗದಲ್ಲಿ ತಮ್ಮದೇ ಗೋಷ್ಠಿ ನಡೆಸಿದರು. ಗಂಡಸರಲ್ಲಿ ಆಗಲೇ ಎರಡು ಪಕ್ಷಗಳಿದ್ದವು, ಇದು ಮೂರನೆಯದಾಯಿತು. 1940ರ ಹೊತ್ತಿಗೆ ಎಲ್ಲ ಪಕ್ಷಗಳೂ ಒಂದಾದವು. ಇಂದು ಪಂಚರತ್ನ ಕೀರ್ತನೆಗಳನ್ನು ಗಂಡಸರು ಹೆಂಗಸರು ಕೂಡಿ ಹಾಡುತ್ತಾರೆ. ಬೇರೆ ಗೋಷ್ಠಿ ಬೇಲಿಯಾಗಲಿಲ್ಲ, ಬಾಗಿಲಾಯಿತು. ಆಕೆ ಒಬ್ಬರೇ ಹೋಗಿ ನಿಂತಿದ್ದರೆ ಯಾರಾದರೂ ಎಬ್ಬಿಸಿ ಕಳಿಸುತ್ತಿದ್ದರು. ಒಂದು ಗುಂಪು ಕೂತು ಶ್ರುತಿ ಹಿಡಿದರೆ ಎಬ್ಬಿಸುವುದು ಕಷ್ಟ.

ಈಗ ನಮ್ಮ ವಿಷಯ. ನಮ್ಮ ಮಹಿಳಾ ಮಂಡಳಿಗಳಲ್ಲಿ ಹಾಡುವವರು ಮೂವತ್ತು ಜನ, ಕೈಯಲ್ಲಿ ತಾಳ ಮೂವತ್ತು ಜೊತೆ. ತಬಲಕ್ಕೆ ಮಾತ್ರ ಯಾರೋ ಒಬ್ಬ ಹುಡುಗ ಬರಬೇಕು. ಅವನ ಬೈಕ್ ಕೆಟ್ಟರೆ ನಮ್ಮ ಕಾರ್ಯಕ್ರಮವೂ ಕೆಡುತ್ತದೆ. ಆದರೂ ನಮ್ಮಲ್ಲಿ ಒಬ್ಬರು ಕಲಿಯೋಣ ಎಂದರೆ "ಈ ವಯಸ್ಸಿನಲ್ಲಿ ಯಾಕ್ರೀ? ಹಾಡಿಕೊಂಡು ಹಾಯಾಗಿದ್ದೇವಲ್ಲ" ಎನ್ನುತ್ತೇವೆ. ಈ ಮಾತು ಗಂಡಸರದಲ್ಲ, ನಮ್ಮದೇ. ಹಾಯಾಗಿರುವುದು ತಪ್ಪಲ್ಲ. ಆದರೆ ಆ ಹಾಯಿ ಇನ್ನೊಬ್ಬರು ಗೆರೆ ಎಳೆದು ಕೊಟ್ಟ ಜಾಗದೊಳಗಿನದು ಎಂಬುದನ್ನು ಮರೆಯಬಾರದು. ನಾವು ಗೆರೆ ದಾಟದಿದ್ದರೆ ಡ್ರಮ್ ಕೇಳಿದ ಹುಡುಗಿಗೆ ತೋರಿಸಲು ನಮ್ಮೂರಿನಲ್ಲಿ ಒಬ್ಬ ಹೆಂಗಸೂ ಇರುವುದಿಲ್ಲ.

ಹಾಗೆಂದು ಒಬ್ಬಳನ್ನೇ ಮುಂದೆ ದೂಡಿ ಉಳಿದವರು ಹಿಂದೆ ನಿಂತು ನೋಡುವುದು ಬೇಡ. ಅವಳು ತಪ್ಪಿದರೆ ನಗುವವರೂ ನಾವೇ ಆಗುತ್ತೇವೆ. ನಾಲ್ವರು ಕೂಡಿ ಕಲಿಯಲಿ, ತಪ್ಪುವಾಗಲೂ ಕೂಡಿ ತಪ್ಪಲಿ. ಈ ವರ್ಷ ನವರಾತ್ರಿಗೆ ಒಂದೇ ಬಣ್ಣದ ಸೀರೆಗೆಂದು ಎತ್ತಿಟ್ಟ ಹಣದಲ್ಲಿ ಒಂದು ಜೊತೆ ತಬಲ ತನ್ನಿ. ಸೀರೆ ಹಳೆಯದಾದರೂ ನಡೆಯುತ್ತದೆ.