ಕಾಗದದ ಲೆಕ್ಕ ಟನ್ನಿನಲ್ಲಿ ಕೊಡಿ



ಕಳೆದ ಭಾನುವಾರ ನಿಮ್ಮ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಚೀನಾ-ಭಾರತಗಳ ಕಾಗದ, ರಟ್ಟಿನ ವ್ಯಾಪಾರಕ್ಕೆ ಬಣ್ಣದ ಕಂಬಗಳನ್ನು ನಿಲ್ಲಿಸಿದ್ದೀರಿ. ನಮ್ಮ ರಫ್ತಿನ ಕಂಬ 2021-22ಕ್ಕೆ ಮುಗಿಲು ಮುಟ್ಟಿ ಅಲ್ಲೇ ನಿಂತಿದೆ. ಆಮೇಲಿನ ವರ್ಷಗಳು ಎಲ್ಲಿ ಹೋದವು ಸ್ವಾಮಿ? ನಿಮ್ಮ ಕಚೇರಿಯ ಕ್ಯಾಲೆಂಡರ್ ಅಲ್ಲಿಗೇ ಮುಗಿಯಿತೇ?

ಲೆಕ್ಕವೆಲ್ಲ ಕೋಟಿ ರೂಪಾಯಿಯಲ್ಲಿ. ಆ ವರ್ಷ ಕಾಗದದ ದರವೇ ಏರಿತ್ತು. ಮದುವೆ ಕರೆಯೋಲೆಗೆ ಮುಂಗಡ ಹಿಡಿದಿದ್ದ ನಮ್ಮಂಥ ಸಣ್ಣ ಪ್ರೆಸ್ಸಿನವರು ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಕೊಟ್ಟಿದ್ದೇವೆ. ನಮ್ಮ ಹೊಟ್ಟೆಗೆ ಬಿದ್ದ ಪೆಟ್ಟು ನಿಮ್ಮ ಪುಟದಲ್ಲಿ ದೇಶದ ಪರಾಕ್ರಮ!

ಟನ್ನಿನಲ್ಲೂ ಏರಿತ್ತು, ನಿಜ. 2016-17ರಲ್ಲಿ 6.6 ಲಕ್ಷ ಟನ್ ಇದ್ದ ರಫ್ತು 2021-22ರಲ್ಲಿ 28.5 ಲಕ್ಷಕ್ಕೆ ಹೋಯಿತು. ಯಾಕೆ ಹೋಯಿತು ಎಂದು ಒಂದು ಸಾಲು ಬರೆಯಬಾರದಿತ್ತೇ? 2021ರ ಜನವರಿಯಿಂದ ಚೀನಾ ಹೊರದೇಶದ ರದ್ದಿಗೆ ಬಾಗಿಲು ಹಾಕಿತು. ಅಮೆರಿಕ, ಯುರೋಪಿನ ರದ್ದಿ ನಮ್ಮ ಬಂದರುಗಳಿಗೆ ಬಂತು. ಅದನ್ನು ಅರೆದು ಕಂದು ಕ್ರಾಫ್ಟ್ ಸುರುಳಿ ಮಾಡಿ ಚೀನಾಕ್ಕೇ ಕಳಿಸಿದೆವು. ಕೊಳಕು ನೀರು ನಮಗೆ, ಸುರುಳಿ ಅವರಿಗೆ. ವರ್ಷಕ್ಕೆ 10 ಕೋಟಿ ಟನ್ನಿಗೂ ಮಿಕ್ಕಿ ಕಾಗದ ಮಾಡುವ ದೇಶದ ಪಕ್ಕ, ಅದರ ಕಾಲು ಭಾಗವೂ ಮಾಡದ ನಾವು ಎದೆಯುಬ್ಬಿಸಿ ನಿಲ್ಲಬೇಕಂತೆ.

ಆಮದಿನ ಕಂಬವನ್ನಂತೂ ನೀವು ನಿಲ್ಲಿಸಲೇ ಇಲ್ಲ. 2022-23ರಲ್ಲಿ 14.3 ಲಕ್ಷ ಟನ್ ಇದ್ದದ್ದು ಮರುವರ್ಷ 19.3 ಲಕ್ಷವಾಯಿತು. ಆಸಿಯಾನ್ ಒಪ್ಪಂದದಿಂದ 2014ರಿಂದಲೇ ಇಂಡೋನೇಷ್ಯಾದ ಹೆಚ್ಚಿನ ಬಗೆಯ ಕಾಗದಕ್ಕೆ ಸುಂಕವಿಲ್ಲ. ನನ್ನ ಕಪಾಟಿನಲ್ಲಿರುವ ಎ4 ಕಟ್ಟಿನ ಹೊದಿಕೆಯ ಕೆಳಮೂಲೆಯಲ್ಲಿ ಸಣ್ಣಕ್ಷರದಲ್ಲಿ ಆ ದೇಶದ ಹೆಸರೇ ಇದೆ. ಹಿರೇಗುತ್ತಿಯ ಸಣ್ಣ ಪ್ರೆಸ್ಸಿಗೆ ಕಾಣುವುದು ಬೆಂಗಳೂರಿನ ನಿಮಗೆ ಕಾಣಲಿಲ್ಲ.

ಇನ್ನೊಂದು ಮಾತು. ಇಡೀ ಪುಟ ಕಾಗದದ ಮೇಲೆ. ಉತ್ತರ ಕನ್ನಡದ ಹೆಸರು ಒಂದು ಕಡೆಯೂ ಇಲ್ಲ. 1950ರ ದಶಕದಲ್ಲಿ ನಮ್ಮ ಕಾಡಿನ ಬಿದಿರು ದಾಂಡೇಲಿಯ ಗಿರಣಿಗೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ಹೋದ ಕಥೆಯನ್ನು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬರೆದಿದ್ದಾರೆ. ಬುಟ್ಟಿ ಹೆಣೆಯುವ ಮೇದಾರರು ಅದೇ ಬಿದಿರಿಗೆ ಪೇಟೆಯಲ್ಲಿ ಎಷ್ಟೋ ಪಟ್ಟು ತೆತ್ತರು. ದೇಶದ ಕಾಗದಕ್ಕೆ ಕಾಡು ಕೊಟ್ಟ ಜಿಲ್ಲೆ ನಿಮ್ಮ ನಕ್ಷೆಯಲ್ಲಿ ಬರೀ ಗೋಕರ್ಣದ ಕಡಲತೀರ. ಭದ್ರಾವತಿಯ ಎಂಪಿಎಂ ಕಾಗದ ಗಿರಣಿಯ ಗತಿಯೂ ಅಷ್ಟೇ. ಮಹಾರಾಜರ ಕಾಲದ ಆ ಕಾರ್ಖಾನೆ ಪತ್ರಿಕೆಗಳಿಗೇ ಕಾಗದ ಮಾಡಿ ಕೊಡುತ್ತಿತ್ತು. ಅದರ ಯಂತ್ರ ನಿಂತದ್ದು ನಿಮಗೆ ಸುದ್ದಿಯಲ್ಲ.

ನಿಮಗೆ ಸುದ್ದಿ ಯಾವುದು ಎಂಬುದು ಗೊತ್ತಿದೆ. 2019ರ ಬಜೆಟ್ಟಿನಲ್ಲಿ ಆಮದಾಗುವ ಪತ್ರಿಕಾ ಕಾಗದಕ್ಕೆ ಶೇ 10 ಸುಂಕ ಬಿದ್ದಾಗ ಪತ್ರಿಕೆಗಳೆಲ್ಲ ಒಂದೇ ದನಿಯಲ್ಲಿ ಗೋಳಾಡಿದವು. ಮುಂದಿನ ಫೆಬ್ರುವರಿಗೇ ಅದು ಶೇ 5ಕ್ಕೆ ಇಳಿಯಿತು. ಆಮದು ಎಂದರೇನು ಎಂಬುದು ಆಗ ಚೆನ್ನಾಗಿ ತಿಳಿದಿತ್ತಲ್ಲ?

ದಯವಿಟ್ಟು ಅದೇ ಪುಟದಲ್ಲಿ, ಅಷ್ಟೇ ದೊಡ್ಡದಾಗಿ, ಎರಡೂ ದೇಶಗಳ ಹತ್ತು ವರ್ಷದ ರಫ್ತು, ಆಮದು, ರದ್ದಿ ಮೂರನ್ನೂ ಟನ್ನಿನಲ್ಲಿ ಇನ್ನೊಮ್ಮೆ ಅಚ್ಚು ಹಾಕಿ.

– ಪ್ರೆಸ್ಸಿನವ, ಹಿರೇಗುತ್ತಿ, ಕುಮಟಾ ತಾಲ್ಲೂಕು