ಹೊಸ ಮನೆಗೆ ಯಾವ ಒಲೆ?

ಮನೆ ಕಟ್ಟಿಸುವವನು ಬಾಗಿಲಿನ ದಿಕ್ಕನ್ನು ಕುರಿತು ನಾಲ್ವರನ್ನು ಕೇಳುತ್ತಾನೆ. ಗೋಡೆಯ ಬಣ್ಣಕ್ಕಾಗಿ ಎಂಟು ದಿನ ಚರ್ಚಿಸುತ್ತಾನೆ. ಒಲೆಯ ಮಾತು ಬರುವುದು ಎಲ್ಲಕ್ಕೂ ಕೊನೆಗೆ. ಕುಮುದ್ವತಿಯ ದಡದ ರಟ್ಟೀಹಳ್ಳಿಯಲ್ಲಿ ಗೋಡೆಗಳೆದ್ದು ನಿಂತ ಒಂದು ಮನೆಯನ್ನು ವಾಚಕರು ಎಣಿಸಿಕೊಳ್ಳಲಿ. ಅಲ್ಲಿ ಅತ್ತೆ ಸೊಸೆಯರ ವಾದ ಹೀಗಿದ್ದೀತು:

“ಗ್ಯಾಸಿನ ಮ್ಯಾಲೆ ಬೇಯಿಸಿದ್ದು ರೊಟ್ಟೀನ ಅಲ್ಲ ಬಿಡವಾ.”

“ಹೊಗಿ ಕುಡದು ಕುಡದು ನಿಮ್ಮ ಎದಿ ಏನಾಗೇತಿ ನೋಡ್ರೀ, ಅತ್ತಿ.”

ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಜೋಳದ ರೊಟ್ಟಿಗೆ ಹಂಚಿನಡಿಯಲ್ಲಿ ಅಗಲವಾಗಿ ಹರಡುವ ಉರಿ ಬೇಕು. ಆಮೇಲೆ ಕೆಂಡದ ಮಗ್ಗುಲಲ್ಲಿ ಆನಿಸಿದರೆ ಅದು ಉಬ್ಬುತ್ತದೆ. ಆದರೆ ಆ ರುಚಿಗಾಗಿ ತೆರುವ ಬೆಲೆಯೂ ಸಣ್ಣದಲ್ಲ. ಕಟ್ಟಿಗೆ ಕಾದಾಗ ಹೊರಡುವ ಅನಿಲಗಳು ಪೂರ್ತಿ ಉರಿಯಲು ಗಾಳಿಯೂ ಬೇಕು, ಬಿಸಿಯೂ ಬೇಕು. ತೆರೆದ ಒಲೆಯಲ್ಲಿ ತಣ್ಣನೆಯ ಗಾಳಿ ಸುತ್ತಲಿಂದ ನುಗ್ಗಿ ಜ್ವಾಲೆಯನ್ನು ಕುಗ್ಗಿಸುತ್ತದೆ. ಉರಿಯದೆ ಉಳಿದದ್ದೇ ಹೊಗೆ. ಮಳೆಗಾಲದ ಹಸಿ ಹತ್ತಿಕಟ್ಟಿಗೆಯಾದರೆ ಹೇಳುವುದೇ ಬೇಡ. ಬಿಸಿಯ ಬಹುಪಾಲು ಪಾತ್ರೆಗೆ ತಾಗದೆ ಪೋಲಾಗುತ್ತದೆ. ಕೆಮ್ಮು ಮಾತ್ರ ಮನೆಯಲ್ಲಿಯೇ ಉಳಿಯುತ್ತದೆ.

ಈ ತೊಡಕಿಗೆ ಕನ್ನಡ ನಾಡಿನಲ್ಲಿಯೇ ಒಂದು ಉತ್ತರ ಹುಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಆರಂಭವಾಯಿತು. 1980ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ‘ಅಸ್ತ್ರ ಒಲೆ’ ರೂಪುಗೊಂಡಿತು. ಮುಚ್ಚಿದ ಉರಿಗೂಡು, ಅದರಲ್ಲಿ ಗಾಳಿ ಬರಲು ಜಾಲರಿ. ಬಿಸಿಗಾಳಿ ಮೂರು ಪಾತ್ರೆಗಳ ಅಡಿಯಲ್ಲಿ ಹಾಯ್ದು ಕೊಳವೆಯಿಂದ ಹೊರಗೆ ಹೋಗುತ್ತದೆ. ಆದರೆ ಒಂದು ಕಟ್ಟಳೆ ಇದೆ: ಒಲೆಯ ಕಂಡಿಗೆ ಪಾತ್ರೆ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಸಂದಿಯಲ್ಲಿ ಹೊಗೆ ಹೊರಬೀಳುತ್ತದೆ. ಕೊಳವೆಯ ಮಸಿಯನ್ನು ಆಗಾಗ ತೆಗೆಯಬೇಕು. ಇದನ್ನು ಮರೆತ ಮನೆಗಳಲ್ಲಿ ಎಂಥ ಒಳ್ಳೆಯ ಒಲೆಯೂ ಹಳೆಯ ಒಲೆಯೇ. ಉರಿಗೂಡು ಮುಚ್ಚಿರುವುದರಿಂದ ರೊಟ್ಟಿ ಆನಿಸಲು ಕೆಂಡ ಸುಲಭವಾಗಿ ಸಿಗದು ಎಂಬ ಅತ್ತೆಯ ಆಕ್ಷೇಪಣೆಯನ್ನೂ ತಳ್ಳಿಹಾಕಲಾಗದು.

ಗ್ಯಾಸಿನಲ್ಲಿ ಹೊಗೆಯ ಕಾಟವಿಲ್ಲ. 2016ರ ಉಜ್ವಲಾ ಯೋಜನೆಯಿಂದ ಹಳ್ಳಿಗಳಲ್ಲಿಯೂ ಅದು ಹರಡಿತು. ಆದರೆ 14.2 ಕಿಲೋಗ್ರಾಂ ಸಿಲಿಂಡರು ತೀರಿದಾಗ ಮತ್ತೆ ಹಣ ಎಣಿಸಬೇಕು; ಕಣದಲ್ಲಿ ಬಿದ್ದಿರುವ ಗೋವಿನಜೋಳದ ದಿಂಡಿಗೆ ಯಾರೂ ಹಣ ಕೇಳುವುದಿಲ್ಲ. ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆಯೇ ತಂಗುತ್ತದೆ. ಆದುದರಿಂದ ಅಡುಗೆಮನೆಯ ಗೋಡೆಯ ಬುಡದಲ್ಲಿಯೂ ಗಾಳಿಕಂಡಿ ಇರಬೇಕು. ಇದನ್ನು ಗಿಲಾವಿಗೆ ಮೊದಲೇ ಹೇಳುವುದು ಲೇಸು. ಇನ್ನು ಇದ್ದಿಲಿನ ಶೇಗಡಿಯನ್ನು ಮುಚ್ಚಿದ ಕೋಣೆಯಲ್ಲಿ ಇಡಲೇಬಾರದು. ಅದರ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳದಿರಬಹುದು.

ಒಂದೇ ಒಲೆಯನ್ನು ಆರಿಸಬೇಕೆಂಬ ಹಟವೇ ಜಗಳದ ಮೂಲ. ಚಹ, ಸಾರು, ಮಗುವಿನ ಹಾಲಿಗೆ ಗ್ಯಾಸು. ರೊಟ್ಟಿಗೆ ಹಿತ್ತಿಲ ಪಡಸಾಲೆಯಲ್ಲಿ ಕೊಳವೆಯುಳ್ಳ ಒಲೆ. ಕೆಂಡವನ್ನು ಜಾಲರಿಯಡಿಯಿಂದ ಎಳೆದುಕೊಂಡರಾಯಿತು. ಬಚ್ಚಲ ಹಂಡೆಯ ಒಲೆಗೂ ಕೊಳವೆ ಬೇಕು. ಅಡುಗೆಮನೆಯನ್ನು ಶುಚಿಮಾಡಿದವರು ಅದನ್ನೇ ಮರೆಯುತ್ತಾರೆ.

ಒಲೆ ಕಟ್ಟುವವನು ಬಂದ ದಿನ ಅತ್ತೆ ತನ್ನ ರೊಟ್ಟಿ ಹಂಚನ್ನೂ ಎರಡು ಪಾತ್ರೆಗಳನ್ನೂ ತಂದು ಅವನ ಮುಂದಿಡಲಿ. ಅಳತೆ ಹಿಡಿದ ಮೇಲೆಯೇ ಮಣ್ಣು ಕಲಸಲಿ.